ಜೆಬೆಲ್ ಅಲಿಯ ಗೋದಾಮೋ, ದೇರಾದ ಸಗಟು ಅಂಗಡಿಯೋ: ಒಂದೇ ಫ್ಲಾಸ್ಕ್, ಎರಡು ದಾರಿ

ಒಂದು ಲೀಟರಿನ ಸ್ಟೀಲ್ ಫ್ಲಾಸ್ಕನ್ನು ದುಬೈಯಲ್ಲಿ ನಾನು ಎರಡು ದಾರಿಯಿಂದ ಕೊಂಡು ಮಾರಿದ್ದೇನೆ. ಒಂದು, ದೇರಾದ ಸಗಟು ಅಂಗಡಿಗಳು ಮತ್ತು ಚೀನೀ ಸರಕಿನ ದೊಡ್ಡ ಮಾರುಕಟ್ಟೆಯಾದ ಡ್ರ್ಯಾಗನ್ ಮಾರ್ಟ್. ಅಲ್ಲಿ ಸರಕು ಆಗಲೇ ಸುಂಕ ಕಟ್ಟಿಸಿಕೊಂಡು ದೇಶದೊಳಗೆ ಬಂದಿರುತ್ತದೆ. ಎಣಿಸಿ ವ್ಯಾನಿಗೆ ಹೇರಿಕೊಂಡು ಬಂದರಾಯಿತು. ಇನ್ನೊಂದು, ಚೀನಾದಿಂದ ನೇರವಾಗಿ ಕಂಟೇನರ್ ತರಿಸಿ, ಸುಂಕದ ಗಡಿಯ ಹೊರಗೆಂದು ಎಣಿಸುವ ಜೆಬೆಲ್ ಅಲಿ ಫ್ರೀ ಝೋನ್‌ನ ಗೋದಾಮಿನಲ್ಲಿ ಇಳಿಸಿ, ಗಿರಾಕಿ ಸಿಕ್ಕಂತೆ ಹೊರಗೆ ತೆಗೆಯುವುದು. ಎರಡನ್ನೂ ಎರಡು ವರ್ಷ ಜೊತೆಜೊತೆಯಾಗಿ ನಡೆಸಿ ನೋಡಿದ ಮೇಲೆ ಬರೆಯುತ್ತಿದ್ದೇನೆ. ಊರಿನಿಂದ ಬರುವ ಹುಡುಗರು ‘ಫ್ರೀ ಝೋನ್ ಎಂದರೆ ತೆರಿಗೆಯೇ ಇಲ್ಲ’ ಎಂಬ ಒಂದು ಮಾತನ್ನು ನಂಬಿ, ಕೂಡಿಟ್ಟದ್ದನ್ನೆಲ್ಲ ತಂದು ಸುರಿಯುವುದನ್ನು ನೋಡಿ ನನಗೆ ಸಂಕಟವಾಗಿದೆ.

ನನ್ನ ಗಿರಾಕಿಗಳು ಎರಡು ಬಗೆ. ಕರಾಮಾ ಮತ್ತು ಅಲ್ ಕುಸೈಸ್ ಕಡೆಯ ಚಹಾ ಅಂಗಡಿಗಳು, ಉಡುಪಿ ಹೋಟೆಲುಗಳು, ಕಾರ್ಮಿಕರ ಮೆಸ್ಸುಗಳು ಒಂದು ಕಡೆ. ಆಫ್ರಿಕಾದ ದಾರ್ ಎಸ್ ಸಲಾಮ್, ಮೊಂಬಾಸಾ, ಸೊಮಾಲಿಯಾದ ಬೋಸಾಸೊದಿಂದ ಬಂದು ನೂರಾರು ಪೆಟ್ಟಿಗೆ ಒಯ್ಯುವ ವ್ಯಾಪಾರಿಗಳು ಇನ್ನೊಂದು ಕಡೆ.

ಮೊದಲು ಆ ತೆರಿಗೆಯ ಮಾತನ್ನೇ ತೆಗೆದುಕೊಳ್ಳೋಣ. 2003ರಲ್ಲಿ ಕೊಲ್ಲಿಯ ಆರು ದೇಶಗಳು ಒಂದೇ ಸುಂಕದ ವ್ಯವಸ್ಥೆಗೆ ಬಂದ ಮೇಲೆ ಬಹುತೇಕ ಸರಕಿಗೆ ಸುಂಕ ಶೇಕಡ 5. ಅದನ್ನು ಸರಕಿನ ಬೆಲೆಗೆ ಹಡಗಿನ ಬಾಡಿಗೆ, ವಿಮೆ ಸೇರಿಸಿ ಲೆಕ್ಕ ಹಾಕುತ್ತಾರೆ. 2018ರ ಜನವರಿಯಿಂದ ಅದರ ಮೇಲೆ ಶೇಕಡ 5 ವ್ಯಾಟ್. ಬಂದರಿನವರೆಗೆ 1,00,000 ದಿರಹಮ್ ತಗಲಿದ ಸರಕಿಗೆ 5,000 ಸುಂಕ, ಎರಡೂ ಸೇರಿದ ಮೊತ್ತದ ಮೇಲೆ 5,250 ವ್ಯಾಟ್, ಒಟ್ಟು 10,250. ಫ್ರೀ ಝೋನ್‌ನಲ್ಲಿ ಇರುವಷ್ಟು ದಿನ ಇದಾವುದನ್ನೂ ಕಟ್ಟಬೇಕಿಲ್ಲ. ಆದರೆ ಗೇಟು ದಾಟಿ ಕರಾಮಾದ ಹೋಟೆಲಿಗೆ ಹೊರಟ ದಿನ ಅದೇ ಲೆಕ್ಕ ಎದುರಿಗೆ ಬಂದು ನಿಲ್ಲುತ್ತದೆ. ಊರೊಳಗೇ ಮಾರುವವನಿಗೆ ಫ್ರೀ ಝೋನ್ ಕೊಡುವುದು ಸುಂಕದ ವಾಯಿದೆಯನ್ನು ಮಾತ್ರ, ಮಾಫಿಯನ್ನಲ್ಲ. ಇದೊಂದನ್ನು ಮೊದಲೇ ಯಾರಾದರೂ ಬಿಡಿಸಿ ಹೇಳಿದ್ದರೆ ನನ್ನ ಮೊದಲ ಕಂಟೇನರನ್ನು ನಾನು ಬೇರೆಯೇ ರೀತಿಯಲ್ಲಿ ಯೋಚಿಸಿ ತರಿಸುತ್ತಿದ್ದೆ. ವ್ಯಾಟ್ ನೋಂದಣಿ ಇದ್ದವರು ಆ 5,250ನ್ನು ರಿಟರ್ನ್‌ನಲ್ಲಿ ಸರಿಹೊಂದಿಸಿಕೊಳ್ಳಬಹುದು. ವರ್ಷದ ವಹಿವಾಟು 3,75,000 ದಿರಹಮ್ ದಾಟಿದರೆ ನೋಂದಣಿ ಕಡ್ಡಾಯ. 1,87,500 ದಾಟಿದವರು ತಾವಾಗಿಯೇ ಮಾಡಿಸಿಕೊಳ್ಳಬಹುದು, ಮಾಡಿಸಿಕೊಳ್ಳುವುದೇ ಒಳ್ಳೆಯದು.

ವಾಯಿದೆಯೂ ಬಿಟ್ಟಿಯಲ್ಲ. ಫ್ಲಾಸ್ಕ್ ಎಂದರೆ ಪೆಟ್ಟಿಗೆಯ ತುಂಬ ಗಾಳಿ. ತೂಕ ಕಡಿಮೆ, ಜಾಗ ಹೆಚ್ಚು. ಇಪ್ಪತ್ತು ಅಡಿಯ ಕಂಟೇನರಿನಲ್ಲಿ ಒತ್ತಿ ಜೋಡಿಸಿದರೂ ಸುಮಾರು 28 ಘನ ಮೀಟರ್ ಹಿಡಿಯುತ್ತದೆ, ಗೋದಾಮಿನವರು ಬಾಡಿಗೆ ಹಾಕುವುದೂ ಘನ ಮೀಟರಿಗೇ. ಇಳಿಸುವ ಕೂಲಿ ಬೇರೆ, ಹೊರಗೆ ತೆಗೆಯುವಾಗ ಪ್ರತಿ ಸಲವೂ ಕಾಗದಪತ್ರದ ಶುಲ್ಕ ಬೇರೆ. ನನ್ನ ಮೊದಲ ಲಾಟಿನ ಕಾಲು ಭಾಗ ಐದು ತಿಂಗಳು ಅಲ್ಲೇ ಉಳಿಯಿತು. ಆ ಪೆಟ್ಟಿಗೆಗಳಿಗೆ ಕೊಟ್ಟ ಬಾಡಿಗೆ, ಅವುಗಳ ಮೇಲೆ ಮುಂದೂಡಿದ ಸುಂಕವನ್ನು ಮೀರಿತ್ತು. ಅದೇ ಜಾಗದಲ್ಲಿ ಕೈಗಡಿಯಾರವೋ ಮೊಬೈಲ್ ಬಿಡಿಭಾಗವೋ ಇದ್ದಿದ್ದರೆ ಲೆಕ್ಕ ತಿರುಗಿ ನಿಲ್ಲುತ್ತಿತ್ತು.

ದೇರಾದ ಪೇಟೆಯ ನಿಜವಾದ ಬಲ ಬೆಲೆಯಲ್ಲಿಲ್ಲ, ಉದ್ದರಿಯಲ್ಲಿದೆ. ಮುಖಪರಿಚಯ ಬೆಳೆದ ಮೇಲೆ ಸಗಟು ವ್ಯಾಪಾರಿ ಮೂರು ತಿಂಗಳ ಮುಂದಿನ ದಿನಾಂಕದ ಚೆಕ್ ತೆಗೆದುಕೊಂಡು ಸರಕು ಕೊಡುತ್ತಾನೆ. ಚೆಕ್ಕಿನ ದಿನ ಬರುವುದರೊಳಗೆ ಫ್ಲಾಸ್ಕುಗಳು ಮಾರಿ ಹೋಗಿರುತ್ತವೆ. ಅವನ ಹಣದಲ್ಲಿ ನನ್ನ ವ್ಯಾಪಾರ ನಡೆಯುತ್ತದೆ. ಚೀನಾದ ಕಾರ್ಖಾನೆಗೆ ನಾನು ಕೊಟ್ಟದ್ದು ಶೇಕಡ 30 ಮುಂಗಡ, ಉಳಿದ 70 ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹೇರಿಕೊಂಡದ್ದಕ್ಕೆ ಹಡಗಿನವರು ಕೊಡುವ ಪತ್ರದ ಪ್ರತಿ, ಕೈಸೇರಿದ ಕೂಡಲೇ. ಸರಕು ತಯಾರಾಗಿ, ಸಮುದ್ರ ದಾಟಿ, ಇಳಿದು, ಮಾರಾಟವಾಗುವವರೆಗೆ ನನ್ನ ದುಡ್ಡು ಮಿಸುಕುವುದಿಲ್ಲ. ಚೀನೀ ಹೊಸ ವರ್ಷದ ರಜೆ ನಡುವೆ ಬಂದರೆ ಇನ್ನೂ ಕೆಲವು ವಾರ. ಒಂದು ಫ್ಲಾಸ್ಕಿನ ಖರೀದಿ ಬೆಲೆ ಆ ದಾರಿಯಲ್ಲಿ ಖಂಡಿತ ಕಡಿಮೆ ಬಿತ್ತು. ಆದರೆ ಅದೇ ಬಂಡವಾಳ ದೇರಾದಲ್ಲಿ ವರ್ಷಕ್ಕೆ ಎಷ್ಟು ಸಲ ತಿರುಗುತ್ತಿತ್ತು ಎಂದು ಲೆಕ್ಕ ಹಾಕಿದಾಗ, ಹೋಟೆಲು ಗಿರಾಕಿಗಳ ಮಟ್ಟಿಗೆ ಪೇಟೆಯೇ ಗೆದ್ದಿತು.

ಗುಣಮಟ್ಟದ ವಿಷಯದಲ್ಲೂ ಹಾಗೆಯೇ. ಒಂದು ಸಲ ಸಗಟು ಅಂಗಡಿಯೊಂದರ ಪೆಟ್ಟಿಗೆಯಲ್ಲಿ ಹತ್ತು ಹನ್ನೆರಡು ಫ್ಲಾಸ್ಕುಗಳಲ್ಲಿ ಬಿಸಿ ನಿಲ್ಲಲಿಲ್ಲ; ಒಳಗಿನ ನಿರ್ವಾತ ಹೋಗಿತ್ತು. ಮರುದಿನವೇ ಬದಲಿಸಿ ಕೊಟ್ಟರು. ನೇರವಾಗಿ ತರಿಸಿದ ಲಾಟಿನಲ್ಲಿ ಅದೇ ದೋಷ ಕಂಡಾಗ ಕಾರ್ಖಾನೆಯವರು ‘ಮುಂದಿನ ಆರ್ಡರಿನಲ್ಲಿ ಕಳೆಯುತ್ತೇವೆ’ ಎಂದರು. ಮುಂದಿನ ಆರ್ಡರ್ ಎಂದರೆ ಮತ್ತೊಂದು ಕಂಟೇನರ್.

ಆದರೆ ಆಫ್ರಿಕಾದ ಗಿರಾಕಿ ಬಂದು ಕುಳಿತ ಗಳಿಗೆಯಿಂದ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ದಾರ್ ಎಸ್ ಸಲಾಮಿಗೆ ಹೋಗುವ ಫ್ಲಾಸ್ಕ್ ದುಬೈಯಲ್ಲಿ ಸುಂಕ ಕಟ್ಟಲು ಕಾರಣವೇ ಇಲ್ಲ. ಪೇಟೆಯಲ್ಲಿ ಕೊಂಡರೆ ಆ ಶೇಕಡ 5 ಬೆಲೆಯೊಳಗೆ ಬೆರೆತು ಹೋಗಿರುತ್ತದೆ. ಮರುರಫ್ತು ಮಾಡಿದ ಸರಕಿನ ಸುಂಕವನ್ನು ವಾಪಸು ಕೇಳುವ ಅವಕಾಶವಿದೆ, ನಿಜ; ಆದರೆ ಒಳಗೆ ಬಂದದ್ದೂ ಹೊರಗೆ ಹೋದದ್ದೂ ಒಂದೇ ಸರಕೆಂದು ಆಮದಿನ ಕಾಗದ ಹಿಡಿದು ತೋರಿಸಬೇಕು. ಆ ಕಾಗದ ಇರುವುದು ಸಗಟು ವ್ಯಾಪಾರಿಯ ಹೆಸರಿನಲ್ಲಿ. ಜೆಬೆಲ್ ಅಲಿಯ ಗೋದಾಮಿನಿಂದ ಪಕ್ಕದ ಬಂದರಿಗೆ, ಅಲ್ಲಿಂದ ಹಡಗಿಗೆ ಹೋಗುವ ಸರಕಿಗೆ ಈ ತೊಡಕೇ ಇಲ್ಲ. ಬಂದರು 1979ರಲ್ಲಿ ಶುರುವಾಗಿ, ಅದಕ್ಕೆ ಅಂಟಿಕೊಂಡೇ 1985ರಲ್ಲಿ ಫ್ರೀ ಝೋನ್ ಹುಟ್ಟಿದ್ದು ಏಕೆಂದು ನನಗೆ ಅರ್ಥವಾದದ್ದು, ನನ್ನದೇ ಪೆಟ್ಟಿಗೆಗಳು ಹಾಗೆ ಹಡಗು ಹತ್ತಿಹೋದ ದಿನ.

ಬೋಸಾಸೊದ ಗಿರಾಕಿಯದು ಮಾತ್ರ ಬೇರೆ ಕಥೆ. ಅವರಿಗೆ ಸರಕು ದೇರಾದ ಧಕ್ಕೆಯಿಂದ ಮರದ ಹಡಗಿನಲ್ಲಿ ಹೋಗಬೇಕು. ಮಂಗಳೂರಿನ ಹಳೆ ಬಂದರಿನಿಂದ ಲಕ್ಷದ್ವೀಪಕ್ಕೆ ಹೊರಡುವ ಮಂಜಿ ಎಂಬ ಮರದ ಹಡಗುಗಳನ್ನು ನೋಡಿ ಬೆಳೆದ ನನಗೆ ಆ ಧಕ್ಕೆಯಲ್ಲಿ ನಿಂತರೆ ಊರೇ ಕಣ್ಣೆದುರು ಬರುತ್ತದೆ. ಆದರೆ ಜೆಬೆಲ್ ಅಲಿಯಿಂದ ಅಲ್ಲಿಗೆ ಹೋಗುವ ಲಾರಿ ಸುಂಕದ ಗಡಿ ದಾಟಿ ದೇಶದೊಳಗೆ ಸಾಗುತ್ತದೆ. ಹಾಗಾಗಿ ಸುಂಕದಷ್ಟು ಹಣವನ್ನು ಠೇವಣಿ ಇಡಬೇಕು. ಸರಕು ದೇಶ ಬಿಟ್ಟ ಪುರಾವೆ ಕೊಟ್ಟ ಮೇಲೆ ಅದು ಮರಳುತ್ತದೆ. ಒಮ್ಮೆ ಹೊರಹೋದ ಪುರಾವೆಗೆ ಮುದ್ರೆ ಹಾಕಿಸುವುದನ್ನು ನನ್ನ ಕ್ಲಿಯರಿಂಗ್ ಏಜೆಂಟ್ ತಡಮಾಡಿದರು. ಠೇವಣಿ ಬಿಡಿಸಿಕೊಳ್ಳಲು ವಾರಗಟ್ಟಲೆ ಅಲೆದೆ. ಅಂದಿನಿಂದ ಆ ಕಾಗದದ ಪ್ರತಿ ನನ್ನ ಕೈಗೆ ಬರುವವರೆಗೆ ಏಜೆಂಟರ ಬಿಲ್ಲು ಪಾಸು ಮಾಡುವುದಿಲ್ಲ.

ಭಾರತದ ಸರಕು ತರಿಸುವವರಿಗೆ ಒಂದು ಮಾತು. 2022ರ ಮೇ 1ರಿಂದ ಜಾರಿಗೆ ಬಂದ ಭಾರತ–ಯುಎಇ ಒಪ್ಪಂದದಲ್ಲಿ ಅನೇಕ ಸರಕುಗಳಿಗೆ ಇಲ್ಲಿ ಸುಂಕವೇ ಇಲ್ಲ, ಮೂಲದ ಪ್ರಮಾಣಪತ್ರ ಸರಿಯಾಗಿದ್ದರೆ ಸಾಕು. ನಿಮ್ಮ ಸರಕು ಆ ಪಟ್ಟಿಯಲ್ಲಿದ್ದು ಮಾರಾಟ ಊರೊಳಗೇ ಆಗುವುದಾದರೆ, ಸುಂಕ ಮುಂದೂಡುವುದಕ್ಕೆಂದು ಫ್ರೀ ಝೋನ್‌ಗೆ ಬಾಡಿಗೆ ತೆರಬೇಡಿ.

ಈಗ ನಾನು ಹೋಟೆಲುಗಳ ಫ್ಲಾಸ್ಕುಗಳನ್ನು ವಾರಕ್ಕೊಮ್ಮೆ ದೇರಾದಿಂದಲೇ ಎತ್ತುತ್ತೇನೆ. ಆಫ್ರಿಕಾದ ಗಿರಾಕಿಗಳಿಂದ ಕನಿಷ್ಠ ಅರ್ಧ ಕಂಟೇನರಿನಷ್ಟು ಮುಂಗಡ ಕೈಗೆ ಬಂದ ಮೇಲೆಯೇ ಚೀನಾಕ್ಕೆ ಆರ್ಡರ್ ಹೋಗುತ್ತದೆ. ಮೊಂಬಾಸಾದವರ ಮುಂಗಡ ಕಳೆದ ವಾರ ಬಂದಿದೆ. ಬೋಸಾಸೊದವರು ಇನ್ನೂ ಒಂದೂವರೆ ಲೀಟರಿನದು ಬೇಕೋ ಎರಡು ಲೀಟರಿನದು ಬೇಕೋ ಎಂದು ತೀರ್ಮಾನಿಸಿಲ್ಲ.