ಐದು ಬೇಸಿಗೆಯ ಇಎಸ್‌ವೈ: ಜುಲೈ ಚೆನ್ನಾಗಿದೆ, ಆಗಸ್ಟ್ ನಮ್ಮ ತಲೆ ಮೇಲೆ

ನಾವಿರುವುದು ಪೆನ್ಸಿಲ್ವೇನಿಯಾದಲ್ಲಿ. ಮಗನಿಗೆ ಹನ್ನೊಂದು ವರ್ಷ, ಆಟಿಸಂ ಇದೆ. ಮಾತು ಕಮ್ಮಿ, ಬೇಕಾದ್ದನ್ನು ಟ್ಯಾಬ್ಲೆಟ್‌ನಲ್ಲಿ ಚಿತ್ರ ಒತ್ತಿ ಕೇಳುತ್ತಾನೆ. ಇಲ್ಲಿನ ಸರ್ಕಾರಿ ಶಾಲೆಗಳು ಬೇಸಿಗೆ ರಜೆಯಲ್ಲಿ ಕೊಡುವ ಎಕ್ಸ್‌ಟೆಂಡೆಡ್ ಸ್ಕೂಲ್ ಇಯರ್, ಅಂದರೆ ಇಎಸ್‌ವೈಗೆ ಐದು ಬೇಸಿಗೆ ಕಳಿಸಿದ್ದೇವೆ.

ಇದು ಸಮ್ಮರ್ ಕ್ಯಾಂಪ್ ಅಲ್ಲ, ಟ್ಯೂಶನ್ನೂ ಅಲ್ಲ. ವರ್ಷವಿಡೀ ಕಲಿತದ್ದು ಕೈಬಿಟ್ಟು ಹೋಗದಂತೆ ನೋಡಿಕೊಳ್ಳುವುದೇ ಇದರ ಮುಖ್ಯ ಕೆಲಸ. ಒಂದು ಪೈಸೆ ಕೊಡಬೇಕಿಲ್ಲ. ಆದರೆ ಎಲ್ಲ ಮಕ್ಕಳಿಗೂ ಸಿಗುವುದಿಲ್ಲ, ಐಇಪಿ ಮೀಟಿಂಗ್‌ನಲ್ಲಿ, ಅಂದರೆ ವಿಶೇಷ ಶಿಕ್ಷಣ ಬೇಕಾದ ಮಗುವಿನ ಕಲಿಕೆಯ ಯೋಜನೆಯನ್ನು ಶಾಲೆಯವರೂ ತಂದೆತಾಯಿಯೂ ಕೂತು ಮಾಡುವ ಮೀಟಿಂಗ್‌ನಲ್ಲಿ, ತೀರ್ಮಾನವಾಗಬೇಕು.

ಇದರ ಬೆಲೆ ನಮಗೆ ಗೊತ್ತಾಗಿದ್ದು ತಪ್ಪಿಸಿದ ವರ್ಷ. "ರಜದಲ್ಲೂ ಸ್ಕೂಲಾ? ಪಾಪ, ಊರಿಗೆ ಕರ್ಕೊಂಡು ಬನ್ನಿ" ಅಂದರು ಅತ್ತೆ. ಎರಡು ತಿಂಗಳು ಮೈಸೂರಿನಲ್ಲಿದ್ದೆವು. ಮಗ ಉಯ್ಯಾಲೆ ಬಿಟ್ಟು ಇಳಿಯಲಿಲ್ಲ, ಖುಷಿಯಾಗಿದ್ದ. ಸೆಪ್ಟೆಂಬರ್‌ನಲ್ಲಿ ನೋಡಿದರೆ, ಚಿತ್ರ ಒತ್ತಿ ತಾನೇ ಟಾಯ್ಲೆಟ್‌ಗೆ ಹೋಗುತ್ತಿದ್ದವನು ಮತ್ತೆ ಡೈಪರ್‌ಗೆ ಬಂದಿದ್ದ. ಸರಿಹೋಗಲು ದೀಪಾವಳಿ ಆಯಿತು.

ಸೆಪ್ಟೆಂಬರ್‌ನಿಂದ ದೀಪಾವಳಿವರೆಗಿನ ಆ ಗೋಳನ್ನು ಅಡುಗೆಮನೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದೆ. ಒದ್ದೆಯಾದ ದಿನಕ್ಕೆ ಒಂದು ಗೀಟು, ಅಷ್ಟೇ. ಮರೆತದ್ದೆಷ್ಟು, ವಾಪಸ್ ಕಲಿಯಲು ಎಷ್ಟು ದಿನ ಹಿಡಿಯಿತು ಎಂಬುದೇ ಮೀಟಿಂಗ್‌ನಲ್ಲಿ ಮುಖ್ಯ ಪ್ರಶ್ನೆ. ಏಕಾದಶಿ, ಸಂಕಷ್ಟಿ ಅಚ್ಚಾಗಿದ್ದ ಆ ಹಾಳೆಗಳನ್ನೇ ಮೇಜಿನ ಮೇಲಿಟ್ಟೆ. ನನ್ನ ಇಂಗ್ಲಿಷ್‌ಗಿಂತ ಅವೇ ಜಾಸ್ತಿ ಮಾತಾಡಿದವು.

ಬೇಜಾರಿನ ವಿಷಯಗಳೂ ಇವೆ. "ನಮ್ಮಲ್ಲಿ ಎಲ್ಲರಿಗೂ ನಾಲ್ಕು ವಾರ, ದಿನಕ್ಕೆ ಮೂರು ಗಂಟೆ" ಅಂದುಬಿಟ್ಟರು ಶಾಲೆಯವರು, ಹೋಟೆಲಿನ ಲಿಮಿಟೆಡ್ ಮೀಲ್ಸ್ ಥರ. ಮೊದಲ ವರ್ಷ ಸುಮ್ನೆ ತಲೆಯಾಡಿಸಿ ಬಂದೆ. ಆಮೇಲೆ ತಿಳಿಯಿತು, ಫೆಡರಲ್ ನಿಯಮದ ಪ್ರಕಾರ ಎಷ್ಟು ದಿನ, ಯಾವ ಸೇವೆ ಅಂತ ಶಾಲೆಯವರು ತಾವೇ ಹೀಗೆ ಮಿತಿ ಹಾಕುವಂತಿಲ್ಲ. ಈ ಹೋರಾಟ ಶುರುವಾದದ್ದೇ ನಮ್ಮ ರಾಜ್ಯದಲ್ಲಿ ಅಲ್ವಾ! ವರ್ಷಕ್ಕೆ 180 ದಿನ ಮಾತ್ರ ಶಾಲೆ ಎಂಬ ಕಟ್ಟುಪಾಡನ್ನು ಇಂಥ ಮಕ್ಕಳ ಮೇಲೆ ಹೇರಬಾರದು ಎಂದು 1979ರಲ್ಲಿ ಫಿಲಡೆಲ್ಫಿಯಾದ ಫೆಡರಲ್ ಕೋರ್ಟು ಆರ್ಮ್‌ಸ್ಟ್ರಾಂಗ್ ಕೇಸಿನಲ್ಲಿ ಹೇಳಿತು. ಮುಂದಿನ ಮೀಟಿಂಗ್‌ನಲ್ಲಿ ಪಟ್ಟು ಹಿಡಿದೆ. ವಾರಕ್ಕೆ ಒಂದಿದ್ದ ಸ್ಪೀಚ್ ಥೆರಪಿ ಎರಡಾಯಿತು. ವಾರಗಳು ಮಾತ್ರ ನಾಲ್ಕೇ.

ಟೀಚರ್‌ಗಳು ಬದಲಾಗುತ್ತಿರುತ್ತಾರೆ. ಒಂದು ಬೇಸಿಗೆ ಹೊಸಬರು ಬಂದು, ಟ್ಯಾಬ್ಲೆಟ್ ನಾಲ್ಕು ದಿನ ಬ್ಯಾಗಿನಲ್ಲೇ ಉಳಿಯಿತು. ಮಗ ಕೈ ಕಚ್ಚಿಕೊಂಡು ಬಂದ. ಈಗ ಮೊದಲ ದಿನ ನಾನೇ ಹೋಗಿ ತೋರಿಸಿ ಬರುತ್ತೇನೆ. ಬಸ್ಸಿನ ಕಥೆ ಬೇಡ ಬಿಡಿ.

ಪೆನ್ಸಿಲ್ವೇನಿಯಾದವರು ತಾರೀಖು ನೆನಪಿಡಿ. ತೀವ್ರ ತೊಂದರೆಯಿರುವ ಕೆಲವು ಗುಂಪಿನ ಮಕ್ಕಳಿಗೆ, ಆಟಿಸಂನವರೂ ಅದರಲ್ಲಿ ಬರುತ್ತಾರೆ, ಫೆಬ್ರವರಿ 28ರೊಳಗೆ ಮೀಟಿಂಗ್ ಆಗಬೇಕು. ಇಎಸ್‌ವೈ ಕೊಡುತ್ತಾರೋ ಇಲ್ಲವೋ ಅಂತ ಶಾಲೆಯವರು ಮಾರ್ಚ್ 31ರೊಳಗೆ ನೋಟಿಸ್ ಕೊಡಬೇಕು. ಒಪ್ಪಿಗೆಯಾಗದಿದ್ದರೆ ತಕರಾರು ಹಾಕಲು ಆಗ ಟೈಮ್ ಇರುತ್ತದೆ. ಮೇ ತಿಂಗಳಲ್ಲಿ ಎದ್ದರೆ ಕಷ್ಟ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಳೆದದ್ದು ಆಗಸ್ಟ್‌ಗೆ. ಜುಲೈ ಕೊನೆಗೆ ಕ್ಲಾಸು ಮುಗಿದರೆ ಶಾಲೆ ತೆರೆಯುವವರೆಗೆ ಏನೂ ಇಲ್ಲ. ಹೋದ ವರ್ಷದಿಂದ ಆಗಸ್ಟ್‌ಗೆ ಅತ್ತೆಯೇ ಇಲ್ಲಿಗೆ ಬರುತ್ತಾರೆ. ಟ್ಯಾಬ್ಲೆಟ್‌ನಲ್ಲಿ ಮೊಸರನ್ನದ ಚಿತ್ರ ಹಾಕಿಸಿಕೊಂಡಿದ್ದಾರೆ. ಅವನು ಒತ್ತಿದರೆ ಮಾತ್ರ ಬಡಿಸುತ್ತಾರೆ.