ಬಳ್ಳಾರಿ ಬಿಸಿಲಲ್ಲಿ ನಾಲ್ಕು ಊದಿನಕಡ್ಡಿ: ಯಾವುದರ ವಾಸನೆ ನಿಂತಿತು?

ಅಂಗಡಿಯಲ್ಲಿ ಊದಿನಕಡ್ಡಿ ಪೊಟ್ಟಣವನ್ನ ಮೂಗಿಗೆ ಹಿಡಿದು, ಘಮ್ ಅಂದರೆ ಸಾಕು, ಕೊಂಡುಬಿಡುತ್ತೇವೆ ಅಲ್ವಾ? ನಾನೂ ಹಾಗೇ ಕೊಳ್ಳುತ್ತಿದ್ದೆ. ಹೋದ ಮಾರ್ಚ್‌ನಲ್ಲಿ ಪೇಟೆಯ ಒಂದು ಅಂಗಡಿಯವರು "ಅಸಲಿ ಮಸಾಲೆ ಕಡ್ಡಿ ಇದು, ಮನೆ ತುಂಬ ಘಮಘಮ ಅಂತೈತಿ" ಎಂದು ಕಾಲು ಕೆಜಿ ಬಿಡಿ ಕಡ್ಡಿ ಕಟ್ಟಿಕೊಟ್ಟರು. 60 ರೂಪಾಯಿ. ಅವತ್ತು ಸಂಜೆ ಹಚ್ಚಿದ ಐದು ನಿಮಿಷಕ್ಕೇ ನಮ್ಮ ಅತ್ತೆ ಕೆಮ್ಮೋಕೆ ಶುರು ಮಾಡಿದರು. ಅವರಿಗೆ ಉಬ್ಬಸ ಇದೆ. "ಇದರ ಹೊಗಿ ಗಂಟಲಿಗೆ ಹಿಡೀತೈತಿ ನೋಡವ್ವ" ಎಂದು ಎದ್ದು ಕಟ್ಟೆಗೆ ಹೋಗಿ ಕೂತರು.

ನಾನು ಒಂದು ಕಡ್ಡಿ ತೆಗೆದು ಉಗುರಿನಿಂದ ಕೆರೆದೆ. ಮೇಲೆ ಕಂದು ಬಣ್ಣದ ಪುಡಿ, ತೆಳ್ಳಗೆ, ಮುಖಕ್ಕೆ ಪೌಡರ್ ಬಳಿದ ಹಾಗೆ. ಅದರ ಕೆಳಗೆ ಪೂರ್ತಿ ಕಪ್ಪು. ಬೆರಳಿಗೆ ಮಸಿ ಹತ್ತಿತು. ಆ ಮಸಿ ನೋಡಿ ನಿಜವಾಗಿಯೂ ಸಿಟ್ಟು ಬಂತು. ದುಡ್ಡು ಹೋಗಿದ್ದಕ್ಕಲ್ಲ. ದೇವರ ಮುಂದೆ ದಿನಾ ಹಚ್ಚುವ ವಸ್ತು ಇದು, ಅದೇ ಮನೆಯ ಹಿರಿಯರ ಉಸಿರು ಕಟ್ಟಿಸಿತಲ್ಲ ಎಂದು.

ಅದಕ್ಕೇ ಸರಿಯಾಗಿ ನೋಡೋಣ ಎಂದು ಕೂತೆ. ನಾಲ್ಕು ಥರದ ಕಡ್ಡಿ ತಂದೆ. ಒಂದು, ಈಗ ಹೇಳಿದ ಬಿಡಿ ಕಡ್ಡಿ. ಎರಡು, ನೀಲಿ-ಬಿಳಿ ಪೆಟ್ಟಿಗೆಯ ನಾಗಚಂಪಾ, 1964ರಲ್ಲಿ ಶುರುವಾದ ಶ್ರೀನಿವಾಸ ಸುಗಂಧಾಲಯದ್ದು. ಮೂರು, ನಾದಿನಿ ಮೈಸೂರಿನಿಂದ ತಂದುಕೊಟ್ಟ ಗಂಧದ ಮಸಾಲೆ ಕಡ್ಡಿ, ಸಣ್ಣ ತಯಾರಕರದ್ದು. ನಾಲ್ಕು, ಅತ್ತರಿನ ಅಂಗಡಿಯಲ್ಲಿ ಸಿಕ್ಕ ಲೋಬಾನದ ಕಡ್ಡಿ. ಒಂದು ಸಂಜೆಗೆ ಒಂದೇ ಕಡ್ಡಿ. ಒಂದರ ಹಿಂದೆ ಒಂದು ಹಚ್ಚಿದರೆ ಮೂಗು ಸೋತುಹೋಗುತ್ತದೆ, ಎರಡನೆಯದರ ವಾಸನೆ ಸರಿಯಾಗಿ ಗೊತ್ತಾಗೋದೇ ಇಲ್ಲ. ಪಡಸಾಲೆಯಲ್ಲೇ ಹಚ್ಚೋದು, ಫ್ಯಾನ್ ಬಂದ್, ಒಂದು ಕಿಟಕಿ ಅರ್ಧ ತೆಗೆದಿರೋದು. ಕಡ್ಡಿ ಆರಿದ ಮೇಲೆ ಎಲ್ಲರೂ ಹೊರಗೆ ಕಟ್ಟೆ ಮೇಲೆ ಒಂದು ತಾಸು ಕೂತು ಮತ್ತೆ ಒಳಗೆ ಬರೋದು. ಬಾಗಿಲು ದಾಟಿದ ಕೂಡಲೇ ಮೂಗಿಗೆ ಏನು ಬಡಿಯುತ್ತೋ ಅದನ್ನೇ ಬರೆದಿಟ್ಟುಕೊಂಡೆ. ನಮ್ಮದು ಮಣ್ಣಿನ ಮಾಳಿಗೆ ಮನೆ, ಗಾಳಿ ಬೇಗ ಹೊರಗೆ ಹೋಗಲ್ಲ, ಹಾಗಾಗಿ ಒಳ್ಳೆಯದಾಗಲಿ ಕೆಟ್ಟದ್ದಾಗಲಿ ಪೂರ್ತಿ ಗೊತ್ತಾಗುತ್ತದೆ.

ಮೊದಲು ಒಂದು ಮಾತು ಹೇಳಲೇಬೇಕು. ಸೆಂಟಿನ ಕಡ್ಡಿ ಮಾಡುವಾಗ ಇದ್ದಿಲ ಪುಡಿ, ಮರದ ಪುಡಿ, ಅಂಟಿಗೆ ಜಿಗಟು ಕಲಸಿ ಬಿದಿರು ಕಡ್ಡಿಗೆ ಮೆತ್ತಿ ಒಣಗಿಸುತ್ತಾರೆ. ಅದು ಕಚ್ಚಾ ಬತ್ತಿ, ಅದಕ್ಕೆ ಅಂಥಾ ವಾಸನೆ ಏನೂ ಇರಲ್ಲ. ಆಮೇಲೆ ಅದನ್ನ ಸೆಂಟಿನಲ್ಲಿ ಅದ್ದುತ್ತಾರೆ. ಸೆಂಟು ತುಟ್ಟಿ, ಅದಕ್ಕೆ ಡಿಇಪಿ ಅನ್ನೋ ಎಣ್ಣೆಯಂಥ ರಾಸಾಯನಿಕ ಬೆರೆಸಿ ತೆಳ್ಳಗೆ ಮಾಡುವುದು ಈ ಕಸುಬಿನಲ್ಲಿ ಮಾಮೂಲು. ಮಸಾಲೆ ಕಡ್ಡಿಯಲ್ಲಿ ಹಾಗಲ್ಲ. ಗಂಧದ ಪುಡಿ, ಬೇರು, ಹೂವು, ಮರದ ಅಂಟು, ಎಣ್ಣೆ ಎಲ್ಲ ಸೇರಿಸಿ ಕಲಸಿದ ಹಿಟ್ಟನ್ನೇ ಕಡ್ಡಿಗೆ ಹೊಸೆಯುತ್ತಾರೆ. ಚೆನ್ನಾಗಿ ಉರಿಯಲಿ ಎಂದು ಸ್ವಲ್ಪ ಇದ್ದಿಲು ಇದಕ್ಕೂ ಹಾಕುವವರಿದ್ದಾರೆ, ಅದು ಮೋಸವಲ್ಲ. ಪೂರ್ತಿ ಇದ್ದಿಲಿನ ಮೇಲೆ ಪುಡಿ ಉದುರಿಸಿ ಮಸಾಲೆ ಎಂದು ಮಾರಿದರೆ ಮಾತ್ರ ಮೋಸ.

ಹಾಗಾಗಿ ಹಚ್ಚದೆ ಮೂಸಿದರೆ ಗೆಲ್ಲೋದು ಯಾವಾಗಲೂ ಸೆಂಟಿನ ಕಡ್ಡಿಯೇ. ನನ್ನ ನಾಲ್ಕರಲ್ಲೂ ಬಿಡಿ ಕಡ್ಡಿಯದ್ದೇ ಎಲ್ಲಕ್ಕಿಂತ ಜೋರು. ಮೈಸೂರಿನ ಗಂಧದ ಕಡ್ಡಿ ಮೂಗಿಗೆ ತಾಗಿಸಿದರೂ ಒಣ ಕಟ್ಟಿಗೆಯ ವಾಸನೆ, ಅಷ್ಟೇ. ಹಚ್ಚಿದ ಮೇಲೆ ಲೆಕ್ಕ ತಿರುಗುತ್ತದೆ. ಕಡ್ಡಿಯ ಕೆಂಡ ಇರುವ ಜಾಗದಲ್ಲಿ ಎಲ್ಲವೂ ಸುಟ್ಟೇ ಹೋಗುತ್ತದೆ. ಒಳ್ಳೆಯ ವಾಸನೆ ಬರೋದು ಕೆಂಡದ ಹಿಂದೆ, ಕಾವಿಗೆ ಎಣ್ಣೆ ಆವಿಯಾಗುವ ಆ ಸಣ್ಣ ಜಾಗದಿಂದ. ಅಲ್ಲಿ ಬಿಟ್ಟುಕೊಡೋಕೆ ಗಂಧ, ಅಂಟು, ಬೇರು ಇದ್ದರೆ ನಿಧಾನಕ್ಕೆ ಬಿಡುತ್ತದೆ. ಬರೀ ಇದ್ದಿಲು, ಸೆಂಟು ಇದ್ದರೆ ಒಮ್ಮೆಗೇ ಹಾರಿಹೋಗುತ್ತದೆ.

ಬಿಡಿ ಕಡ್ಡಿ 28 ನಿಮಿಷ ಉರಿಯಿತು. ಮೊದಲ ಹತ್ತು ನಿಮಿಷ ಮಲ್ಲಿಗೆ ಥರ ಏನೋ, ಆಮೇಲೆ ಪ್ಲಾಸ್ಟಿಕ್ ಬಿಸಿಯಾದ ಹಾಗೆ. ಹೊರಗೆ ಕೂತು ಬಂದಾಗ ಒಳಗಿದ್ದದ್ದು ಬರೀ ಹೊಗೆ ವಾಸನೆ. ಇದರ ಬಗ್ಗೆ ಇಷ್ಟು ಸಾಕು.

ನಾಗಚಂಪಾ ಕೈಗೆ ತಗೊಂಡರೇ ಬೇರೆ ಅನ್ನಿಸುತ್ತದೆ. ಮೆತ್ತಗೆ ಇರುತ್ತದೆ, ಉಗುರು ಒತ್ತಿದರೆ ಗುರುತು ಉಳಿಯುತ್ತದೆ. ಚಂಪಾ ಜಾತಿಯ ಕಡ್ಡಿಗೆ ಹಳೇ ಪದ್ಧತಿಯಲ್ಲಿ ಹಾಕುವ ಅಂಟೇ ಹಾಲ್ಮಡ್ಡಿ. ಪಶ್ಚಿಮ ಘಟ್ಟದ ಮರದ ಅಂಟು ಅದು, ಹೆಸರೂ ನಮ್ಮ ಕನ್ನಡದ್ದೇ, ಹೊರದೇಶದಲ್ಲಿ ಊದಿನಕಡ್ಡಿ ಹುಚ್ಚು ಇರುವವರೂ ಅದನ್ನ ಹಾಲ್ಮಡ್ಡಿ ಅಂತಲೇ ಕರೆಯುತ್ತಾರೆ. ನನಗೆ ಇದು ತುಂಬ ಖುಷಿ ಕೊಟ್ಟ ವಿಷಯ. ಈ ಅಂಟು ಗಾಳಿಯಲ್ಲಿರುವ ತೇವವನ್ನ ಎಳೆದುಕೊಳ್ಳುತ್ತದೆ, ಅದಕ್ಕೇ ಆ ಮೆತ್ತನೆ. ಸಂಪಿಗೆ ಹೂವಿನ ವಾಸನೆಯೇ ಬರುತ್ತದೆ ಎಂದುಕೊಳ್ಳಬೇಡಿ. ಸಂಪಿಗೆ ಇದೆ, ಅದರ ಹಿಂದೆ ಗಂಧ ಇದೆ, ಅದರ ಕೆಳಗೆ ಬೆಲ್ಲ ಕಾಯಿಸಿದಂಥ ಒಂದು ಸಿಹಿ. 44 ನಿಮಿಷ ಉರಿಯಿತು. ತಾಸು ಬಿಟ್ಟು ಒಳಗೆ ಬಂದಾಗಲೂ ಪರದೆಯಲ್ಲಿ, ಚಾದರದಲ್ಲಿ ಇತ್ತು. ಮಗಳು "ಅಮ್ಮ, ಇನ್ನೊಂದು ಹಚ್ಚಿದೆಯಾ?" ಎಂದು ಕೇಳಿದಳು.

ಆದರೆ ಮೇ ತಿಂಗಳು ಬಂತು. ಬಳ್ಳಾರಿಯಲ್ಲಿ ಮೇ ಅಂದರೆ ಗೊತ್ತಲ್ಲ, ಬಿಸಿಲು 42 ದಾಟುತ್ತದೆ, ಕೋಟೆ ಗುಡ್ಡದ ಬಂಡೆ ರಾತ್ರಿ ಹತ್ತರವರೆಗೂ ಕಾವು ಉಗುಳುತ್ತಲೇ ಇರುತ್ತದೆ. ಗಾಳಿಯಲ್ಲಿ ತೇವ ಎಲ್ಲಿಂದ ಬರಬೇಕು? ಪೆಟ್ಟಿಗೆ ತೆಗೆದು ಗೂಡಿನಲ್ಲಿ ಇಟ್ಟಿದ್ದೆ, ಹದಿನೈದು ದಿನಕ್ಕೆ ಕಡ್ಡಿ ಬಿರುಸಾಯಿತು, ಸಿಹಿ ಪಾಲು ಕಮ್ಮಿಯಾಯಿತು. ಇದು ಕಡ್ಡಿಯ ತಪ್ಪಲ್ಲ, ನಾನು ಇಟ್ಟ ರೀತಿಯದ್ದು. ಎರಡನೇ ಪೆಟ್ಟಿಗೆಯನ್ನ ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ ನೆಲಕ್ಕೆ ಹತ್ತಿರದ ತಣ್ಣನೆ ಮೂಲೆಯಲ್ಲಿ ಇಟ್ಟೆ, ಜೂನ್‌ವರೆಗೂ ಮೆತ್ತಗೇ ಇತ್ತು.

ಬೇಸಿಗೆಯಲ್ಲಿ ಇನ್ನೊಂದು ತೊಂದರೆಯೂ ಕಂಡಿತು. ಸೆಕೆಯಲ್ಲಿ ಆ ಸಿಹಿ ವಾಸನೆ ಸ್ವಲ್ಪ ಭಾರ. ಅತ್ತೆಗೆ ಕೆಮ್ಮು ಬರಲಿಲ್ಲ, ಆದರೆ "ತಲಿ ದಿಮ್ಮಂತೈತಿ" ಎಂದರು.

ಆಗ ಗೆದ್ದದ್ದು ಮೈಸೂರಿನ ಗಂಧದ ಕಡ್ಡಿ. ತೆಳ್ಳಗಿನ ಒಣ ಕಡ್ಡಿ, ಬೆರಳಿಗೆ ಸಣ್ಣ ಹೊಂಬಣ್ಣದ ಪುಡಿ ಹತ್ತುತ್ತದೆ. ಹಚ್ಚಿ ಐದು ನಿಮಿಷ ಏನೂ ಗೊತ್ತಾಗಲ್ಲ. ಆಮೇಲೆ ನಿಧಾನಕ್ಕೆ, ಸಾಣೆಕಲ್ಲಿನ ಮೇಲೆ ಕೊರಡು ತೇಯ್ದಾಗ ಬರುತ್ತದಲ್ಲ, ಹಾಲಿನ ಕೆನೆಯಂಥ ಆ ತಂಪು, ಅದು ಬರುತ್ತದೆ. ಹೊಗೆ ತೆಳುವಾದ ಎಳೆ. ಬೂದಿ ತಿಳಿ ಬಿಳುಪು, ಮುರಿಯದೆ ಬಾಗಿ ನಿಂತಿತ್ತು, ಮಗಳು ಉಸಿರು ಬಿಗಿಹಿಡಿದು ಅದು ಬೀಳೋದನ್ನೇ ಕಾಯುತ್ತಿದ್ದಳು. ಅತ್ತೆ ಎದ್ದು ಹೋಗಲೇ ಇಲ್ಲ. ಜಪಮಾಲೆ ಹಿಡಿದು ಅಲ್ಲೇ ಕೂತಿದ್ದರು, ನನಗೆ ಅದಕ್ಕಿಂತ ಬೇರೆ ಸರ್ಟಿಫಿಕೇಟ್ ಬೇಕಿರಲಿಲ್ಲ. 20 ಕಡ್ಡಿಗೆ 120 ರೂಪಾಯಿ ಕೊಟ್ಟಿದ್ದಳಂತೆ ನಾದಿನಿ. ನಿಜವಾದ ಗಂಧದೆಣ್ಣೆಯ ಬೆಲೆ ಗೊತ್ತಿರುವವರಿಗೆ ಇದು ಜಾಸ್ತಿ ಅನ್ನಿಸಲ್ಲ. ಹತ್ತು ರೂಪಾಯಿ ಪೊಟ್ಟಣದ ಮೇಲೆ ಗಂಧ ಎಂದು ಬರೆದಿದ್ದರೆ ಅದು ಕೃತಕ ಸೆಂಟೇ ಎಂದು ತಿಳಿದುಕೊಂಡು ತಗೊಳ್ಳಿ.

ಇದಕ್ಕೂ ಒಂದು ಕೊರತೆ ಇದೆ. ಒಗ್ಗಾಣಿ-ಮಿರ್ಚಿ ಮಾಡಿದ ದಿನ ಇದು ಕೆಲಸಕ್ಕೆ ಬರಲ್ಲ. ಕರಿದೆಣ್ಣೆಯ ವಾಸನೆ ಮುಂದೆ ಗಂಧ ಬಾಯಿ ಬಿಡೋದೇ ಇಲ್ಲ. ಅಂಥ ದಿನಕ್ಕೆ ಲೋಬಾನದ ಕಡ್ಡಿ. ಸಂಜೆ ಹೊತ್ತು ನವಿಲುಗರಿ ಕಟ್ಟು ಹಿಡಿದು ಅಂಗಡಿ ಅಂಗಡಿಗೆ ಲೋಬಾನ ಹಾಕುತ್ತಾ ಬರುತ್ತಾರಲ್ಲ, ಅದೇ ವಾಸನೆ, ನಿಂಬೆ ಸಿಪ್ಪೆಯ ಚುರುಕು ಸ್ವಲ್ಪ ಸೇರಿದ ಹಾಗೆ. ಹತ್ತು ನಿಮಿಷದಲ್ಲಿ ಅಡಿಗೆಮನೆ ವಾಸನೆ ಹಿಂದೆ ಸರಿಯಿತು. ಹೊಗೆ ಮಾತ್ರ ದಪ್ಪ. ಅತ್ತೆ ಹೊರಗಿದ್ದಾಗಷ್ಟೇ ಹಚ್ಚುತ್ತೇನೆ, ಎರಡೂ ಕಿಟಕಿ ತೆಗೆದು. ಎಷ್ಟೇ ಒಳ್ಳೆಯ ಕಡ್ಡಿಯಾದರೂ ಹೊಗೆ ಹೊಗೆಯೇ, ಉಬ್ಬಸದವರು ಇರುವ ಮನೆಯಲ್ಲಿ ಅದನ್ನ ಮರೆಯಬಾರದು.

ಕೊಳ್ಳುವಾಗ ಈಗ ನಾನು ಮೂಸೋದಿಲ್ಲ. ಒಂದು ಕಡ್ಡಿ ಕೇಳಿ ತಗೊಂಡು ಉಗುರಲ್ಲಿ ಕೆರೆದು ಒಳಗಿನ ಬಣ್ಣ ನೋಡುತ್ತೇನೆ, ಆಮೇಲೆ ಅಲ್ಲೇ ಹಚ್ಚಿ ಕೊಡಿ ಎನ್ನುತ್ತೇನೆ. ಕೆಲವರು ಮುಖ ಗಂಟಿಕ್ಕುತ್ತಾರೆ, ಕೆಲವರು ಖುಷಿಯಿಂದ ಹಚ್ಚಿಕೊಡುತ್ತಾರೆ.

ಆಗಸ್ಟ್‌ನಲ್ಲಿ ಮಳೆ ಹಿಡಿದಾಗ ನಾಗಚಂಪಾ ಮತ್ತೆ ಹಚ್ಚಿದೆ. ಒದ್ದೆ ಬಟ್ಟೆ ಹಗ್ಗದ ಮೇಲೆ ಒಣಗದೆ ಮುಗ್ಗಲು ವಾಸನೆ ಹಿಡಿದಿದ್ದ ಮನೆ, ಅರ್ಧ ತಾಸಿನಲ್ಲಿ ಬೇರೆಯೇ ಆಯಿತು. ಮೇನಲ್ಲಿ ತಲಿ ದಿಮ್ಮಂತೈತಿ ಎಂದಿದ್ದ ಅತ್ತೆಯೇ ಕೇಳಿದರು, "ಇದು ಆ ಬ್ಯಾಸಗಿ ಕಡ್ಡೀನ ಏನವ್ವ? ಈಗ ಛಲೋ ಐತಿ."