ಮೂರು ವರ್ಷದಿಂದ ಬೈಕ್ ವೈರಿಂಗ್‌ಗೆ ಬಳಸುತ್ತಿರುವ ನನ್ನ ಡಿಜಿಟಲ್ ಮಲ್ಟಿಮೀಟರ್

ವೋಲ್ಟೇಜ್, ವೈರಿನ ಸಂಪರ್ಕ ಎಲ್ಲಾ ಪರೀಕ್ಷಿಸುವ ಈ ಮೀಟರ್ ತಗೊಂಡಿದ್ದೇ ಬೈಕಿನ ಕಾಟ ತಡೆಯಲಾರದೆ. ಓಡುತ್ತಿದ್ದ ಹಾಗೇ ಎಂಜಿನ್ ಆಫ್ ಆಗುತ್ತಿತ್ತು, ಬೈಕಿನ ಸ್ಪೀಡೋಮೀಟರ್ ಕನ್ಸೋಲ್ ಒಮ್ಮೆ ಮಿಣುಕಿ ಆರುತ್ತಿತ್ತು. ಎರಡು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್. ಮೆಕ್ಯಾನಿಕ್ ಹತ್ತಿರ ಒಯ್ದಾಗ ಮಾತ್ರ ಎಲ್ಲಾ ಸರಿಯಾಗಿಯೇ ಇರುತ್ತಿತ್ತು. ಬ್ಯಾಟರಿ, ಸ್ಪಾರ್ಕ್ ಪ್ಲಗ್ ಎರಡನ್ನೂ ಬದಲಾಯಿಸಿದ್ದಾಯ್ತು, ಕಾಟ ಹೋಗಲಿಲ್ಲ.

ಮೀಟರ್ ಬಂದ ದಿನ ಮೊದಲು ನೋಡಿದ್ದು ಬ್ಯಾಟರಿ. ಎಂಜಿನ್ ಆಫ್ ಇದ್ದಾಗ 12.7 ವೋಲ್ಟ್, ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಕೊಟ್ಟಾಗ 14.2. ಚಾರ್ಜಿಂಗ್‌ನಲ್ಲಿ ತೊಂದರೆ ಇಲ್ಲ.

ಆಮೇಲೆ ಒಂದು ತಪ್ಪು ಮಾಡಿದೆ. ವೈರ್ ತುಂಡಾಗದಿದ್ದರೆ ಬೀಪ್ ಬರುವ ಕಂಟಿನ್ಯುಟಿ ಮೋಡ್‌ನಲ್ಲಿ ಇಡೀ ವೈರಿಂಗ್ ನೋಡಿ, ಎಲ್ಲಾ ಕಡೆ ಬೀಪ್ ಬಂತು ಅಂತ ನಂಬಿಬಿಟ್ಟೆ. ಆ ಮೋಡ್‌ನಲ್ಲಿ ಮೀಟರ್ ಹರಿಸುವುದು ತೀರಾ ಸಣ್ಣ ಕರೆಂಟ್. ವೈರಿನೊಳಗೆ ಒಂದೇ ಎಳೆ ಉಳಿದಿದ್ದರೂ ಬೀಪ್ ಬರುತ್ತದೆ. ಹೆಡ್‌ಲೈಟ್, ಇಗ್ನಿಷನ್ ಎಲ್ಲದರ ಲೋಡ್ ಬಿದ್ದಾಗ ಆ ಒಂದು ಎಳೆ ಎಲ್ಲಿ ಸಾಕಾಗುತ್ತದೆ, ಅಲ್ವಾ?

ದಾರಿ ತೋರಿಸಿದ್ದು ವೋಲ್ಟೇಜ್ ಡ್ರಾಪ್ ಪರೀಕ್ಷೆ, ಅಂದರೆ ಕರೆಂಟ್ ಹರಿಯುವಾಗ ವೈರಿನಲ್ಲೇ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಅಂತ ನೋಡುವುದು. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟೆ. ಕೆಂಪು ಪ್ರೋಬ್ (ಮೀಟರಿನ ಮುಟ್ಟಿಸುವ ಕಡ್ಡಿ) ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಪ್ರೋಬ್ ಇಗ್ನಿಷನ್ ಸ್ವಿಚ್ಚಿನಿಂದ ಹೊರಡುವ ವೈರಿಗೆ. ಕೀ ಆನ್, ಹೆಡ್‌ಲೈಟ್ ಆನ್. ಹ್ಯಾಂಡಲ್ ನೇರ ಇದ್ದಾಗ 0.2 ವೋಲ್ಟ್. ಪೂರ್ತಿ ಎಡಕ್ಕೆ ತಿರುಗಿಸಿದೆ, 1.9! ಖುಷಿಗೆ ಕೂಗಿಯೇಬಿಟ್ಟೆ. ತೊಂದರೆ ಇದ್ದದ್ದು ಹ್ಯಾಂಡಲ್ ತಿರುಗಿಸಿದಾಗಲೆಲ್ಲ ವೈರುಗಳು ಮಡಚಿಕೊಳ್ಳುವ ಜಾಗದಲ್ಲಿ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇತ್ತು, ಒಳಗೆ ತಾಮ್ರದ ಎಳೆಗಳು ಮುರಿದು ಹಸಿರು ಹಿಡಿದಿದ್ದವು. ಆ ತುಂಡು ತೆಗೆದು ಹೊಸ ವೈರ್ ಸೇರಿಸಿದೆ. ಬೆಸುಗೆ ಮಡಚುವ ಜಾಗಕ್ಕೆ ಬರದ ಹಾಗೆ ನೋಡಿಕೊಂಡೆ, ಇಲ್ಲದಿದ್ದರೆ ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತದೆ. ಆಮೇಲೆ ಬೈಕ್ ದಾರಿಯಲ್ಲಿ ಒಮ್ಮೆಯೂ ನಿಂತಿಲ್ಲ.

ಇನ್ನು ಮೀಟರ್ ವಿಷಯ. ಅಂಕಿ ಬದಲಾಗುವುದು ಸೆಕೆಂಡಿಗೆ ಎರಡು ಮೂರು ಸಲ ಅಷ್ಟೇ. ಕಣ್ಣು ಮಿಟುಕಿಸುವಷ್ಟರಲ್ಲಿ ಬಂದು ಹೋಗುವ ಕಡಿತ ಇದರ ಕಣ್ಣಿಗೆ ಬೀಳುವುದಿಲ್ಲ. ಅತಿ ಕಡಿಮೆ, ಅತಿ ಹೆಚ್ಚು ಅಂಕಿ ಹಿಡಿದಿಡುವ ಮಿನ್-ಮ್ಯಾಕ್ಸ್ ಬಟನ್ ಇರುವುದರಿಂದ ಸ್ವಲ್ಪ ಅನುಕೂಲ, ಅದು ಇಲ್ಲದ ಮೀಟರ್ ಈ ಕೆಲಸಕ್ಕೆ ಬೇಡ ಅಂತಲೇ ಹೇಳುತ್ತೇನೆ. ಅದಕ್ಕೂ ಸಿಗದ ಕಡಿತಕ್ಕೆ ಒಂದು ಸಣ್ಣ 12 ವೋಲ್ಟ್ ಬಲ್ಬ್ ಜೋಡಿಸಿ ವೈರ್ ಅಲ್ಲಾಡಿಸುತ್ತೇನೆ. ಬಲ್ಬ್ ಮಿಣುಕಿದರೆ ಜಾಗ ಸಿಕ್ಕ ಹಾಗೆ.

ಎರಡನೇ ವರ್ಷ ಕಪ್ಪು ಪ್ರೋಬಿನ ಬುಡದಲ್ಲಿ ವೈರ್ ಒಳಗೇ ಮುರಿಯಿತು. ಬೈಕಿನದೇ ಕಾಯಿಲೆ! ಅರ್ಧ ದಿನ ಸುಮ್ನೆ ಹಾಳಾಯ್ತು. ಈಗ ಎರಡು ಪ್ರೋಬ್ ಒಂದಕ್ಕೊಂದು ಮುಟ್ಟಿಸಿ, ವೈರ್ ಅಲ್ಲಾಡಿಸಿ ನೋಡಿಯೇ ಶುರು ಮಾಡುತ್ತೇನೆ. ಮೆತ್ತನೆಯ ಸಿಲಿಕೋನ್ ಪ್ರೋಬ್ ಬೇರೆ ತಂದೆ. ಇವು ಎಷ್ಟೋ ಮೇಲು. ಬ್ಯಾಕ್‌ಲೈಟ್ ಮಾತ್ರ ಬೇಗ ಆರಿ ಹೋಗುತ್ತದೆ, ಸೀಟಿನ ಕೆಳಗೆ ಕೆಲಸ ಮಾಡುವಾಗ ಟಾರ್ಚ್ ಜೊತೆಗಿರಲೇಬೇಕು.